ಎಂಟನೇ ತರಗತಿಯ ಎರಡನೆಯ ವರ್ಷ

2021ರ ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಡಲ್ಲಾಸ್ ನಗರದ ಉತ್ತರಕ್ಕಿರುವ ನಮ್ಮ ಊರಿನ ಖಾಸಗಿ ಅಮೆರಿಕನ್ ಫುಟ್‌ಬಾಲ್ ತರಬೇತಿ ಕೇಂದ್ರವೊಂದರಲ್ಲಿ, ತರಬೇತುದಾರರೊಬ್ಬರು ನನ್ನ ಮಗನ ಕೈಯನ್ನು ಮೇಜಿನ ಮೇಲೆ ಅಗಲಿಸಿ ಇಡಿಸಿ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಟೇಪು ಹಿಡಿದು ಅಳೆದರು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಎರಡೂ ತೋಳುಗಳನ್ನು ಚಾಚಿಸಿ ಅಳೆದರು, ಶೂ ನಂಬರು ಕೇಳಿದರು, ನನ್ನ ಎತ್ತರ ಕೇಳಿದರು, ನನ್ನ ಹೆಂಡತಿಯ ಅಣ್ಣಂದಿರ ಎತ್ತರವನ್ನೂ ಕೇಳಿದರು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಹುಡುಗನ ಮೂಳೆ ದೊಡ್ಡದಿದೆ, ಮೈ ಮಾತ್ರ ಇನ್ನೂ ಬಂದಿಲ್ಲ, ಎಂಟನೇ ತರಗತಿಯನ್ನು ಇನ್ನೊಂದು ವರ್ಷ ಓದಿಸಿಬಿಡಿ, ಒಂಬತ್ತಕ್ಕೆ ಬರುವಾಗ ಬೇರೆಯೇ ಹುಡುಗನಾಗಿರುತ್ತಾನೆ ಎಂದರು. ಹಲ್ಲಿನ ವೈದ್ಯರು ಕ್ಲಿಪ್ ಹಾಕಿಸಿ ಎಂದು ಹೇಳುವಷ್ಟೇ ಸಹಜವಾಗಿ ಅವರು ಅದನ್ನು ಹೇಳಿದರು.

ನನ್ನ ಮಗ ಆಗ ಎಂಟನೇ ತರಗತಿಯನ್ನು ಒಳ್ಳೆಯ ಅಂಕಗಳಿಂದಲೇ ಮುಗಿಸುತ್ತಿದ್ದ. ಅವನು ಹುಟ್ಟಿದ್ದು 2007ರ ಆಗಸ್ಟ್ 24ರಂದು. ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ ಐದು ವರ್ಷ ತುಂಬಿದ ಮಕ್ಕಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳುತ್ತಾರೆ. ಒಂದು ವಾರದ ಅಂತರದಲ್ಲಿ ಅವನು ಆ ಗೆರೆಯನ್ನು ದಾಟಿದ್ದರಿಂದ ತರಗತಿಯಲ್ಲಿ ಯಾವಾಗಲೂ ಎಲ್ಲರಿಗಿಂತ ಚಿಕ್ಕವನಾಗಿದ್ದ. ಗಣಿತದಲ್ಲಿ ಅದು ಎಂದೂ ತೊಂದರೆ ಕೊಡಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಅದರಲ್ಲೂ ಅವನು ಆಡುತ್ತಿದ್ದ ಲೈನ್‌ಮನ್ ಜಾಗದಲ್ಲಿ, ಪ್ರತಿ ಆಟದಲ್ಲೂ ತೊಂದರೆ ಕೊಟ್ಟಿತು. ಲೈನ್‌ಮನ್ ಎಂದರೆ ಚೆಂಡನ್ನು ಮುಟ್ಟದೆ, ಒಂದು ಕೈಯನ್ನು ನೆಲಕ್ಕೂರಿ ಕುಕ್ಕರಿಸಿ, ಚೆಂಡು ಕದಲಿದ ಕೂಡಲೇ ಎದುರಿಗಿರುವವನ ಎದೆಗೆ ತನ್ನ ಭುಜವನ್ನು ಕೊಟ್ಟು ತಳ್ಳುವವನು. ಅಲ್ಲಿ ಎದುರಾಳಿಯ ಮೈಯಿಂದ ತಪ್ಪಿಸಿಕೊಂಡು ಜಾಣತನದಿಂದ ಆಡುವ ಅವಕಾಶವೇ ಇಲ್ಲ. ಹದಿಮೂರು ವರ್ಷದವನ ಎದುರಿಗೆ ಮೀಸೆ ಚಿಗುರಿದ ಹದಿನೈದರವನು ಕುಕ್ಕರಿಸಿದರೆ ಏನಾಗುತ್ತದೆ ಎಂಬುದನ್ನು ಬೇಲಿಯ ಹೊರಗೆ ನಿಂತ ತಂದೆ ತಾಯಿಗಳು ಕಿವಿಯಿಂದಲೇ ತಿಳಿಯುತ್ತಾರೆ. ಪ್ಲಾಸ್ಟಿಕ್ ಪ್ಯಾಡುಗಳು ಒಂದಕ್ಕೊಂದು ಬಡಿದಾಗ ಬರುವ ಆ ಸದ್ದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ.

ಪಾಸಾದ ಮಗುವನ್ನು ಅದೇ ತರಗತಿಯಲ್ಲಿ ಮತ್ತೆ ಕೂರಿಸುವುದಕ್ಕೆ ಇಲ್ಲಿನವರು ಹೋಲ್ಡ್ ಬ್ಯಾಕ್ ಎನ್ನುತ್ತಾರೆ, ರೀಕ್ಲಾಸ್ ಎಂದೂ ಹೇಳುತ್ತಾರೆ. ರೆಡ್‌ಶರ್ಟ್ ಎಂಬ ಇನ್ನೊಂದು ಮಾತು ಕಾಲೇಜು ಆಟದಿಂದ ಬಂದದ್ದು. ಪಂದ್ಯಗಳಲ್ಲಿ ಆಡದೆ ತಂಡದೊಡನೆ ಅಭ್ಯಾಸ ಮಾತ್ರ ಮಾಡುತ್ತಾ ಒಂದು ವರ್ಷವನ್ನು ಉಳಿಸಿಕೊಳ್ಳುವ ಆಟಗಾರನಿಗೆ ಆ ಹೆಸರು. ಈಗ ಅದು ಕೆಳಕೆಳಗೆ ಇಳಿದು, ಐದು ವರ್ಷ ತುಂಬಿದ ಮಗುವನ್ನು ಬೇಕೆಂದೇ ಆರು ತುಂಬಿದ ಮೇಲೆ ಶಾಲೆಗೆ ಸೇರಿಸುವುದಕ್ಕೂ ಬಳಕೆಯಾಗುತ್ತಿದೆ.

ಆ ರಾತ್ರಿ ಊಟವಾದ ಮೇಲೆ ನಾನೂ ನನ್ನ ಹೆಂಡತಿಯೂ ಒಂದು ಹಾಳೆ ಇಟ್ಟುಕೊಂಡು ಕುಳಿತೆವು. ಟೆಕ್ಸಸ್‌ನ ಸರ್ಕಾರಿ ಶಾಲೆಗಳ ಕ್ರೀಡೆಗಳನ್ನು ನಡೆಸುವ ಸಂಸ್ಥೆಯನ್ನು ಎಲ್ಲರೂ ಯುಐಎಲ್ ಎಂದು ಕರೆಯುತ್ತಾರೆ. ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಎಂಬುದು ಅದರ ಪೂರ್ಣ ಹೆಸರು. 1910ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಹುಟ್ಟಿದ ಸಂಸ್ಥೆ ಅದು. ಹೈಸ್ಕೂಲಿನ (ಇಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ) ಮುಖ್ಯ ತಂಡದಲ್ಲಿ ಆಡುವ ಪ್ರತಿ ವಿದ್ಯಾರ್ಥಿಯ ಮನೆಗೂ ಪ್ರತಿ ವರ್ಷ ಅದರ ನಿಯಮಗಳ ಹಾಳೆ ಬರುತ್ತದೆ, ತಂದೆ ಅಥವಾ ತಾಯಿ ಅದಕ್ಕೆ ಸಹಿ ಹಾಕಬೇಕು. ವಯಸ್ಸಿನ ವಿಷಯದಲ್ಲಿ ಅದರಲ್ಲಿ ಮುಖ್ಯವಾಗಿ ಎರಡು ಗಡಿಯಾರಗಳಿವೆ. ಒಂದು ಹುಟ್ಟಿದ ದಿನದ ಗಡಿಯಾರ: ಆ ಋತುವಿನ ಸೆಪ್ಟೆಂಬರ್ 1ರಂದು ಆಟಗಾರನಿಗೆ ಹತ್ತೊಂಬತ್ತು ತುಂಬಿರಬಾರದು. ಇನ್ನೊಂದು ತರಗತಿಯ ಗಡಿಯಾರ: ಮೊದಲ ಬಾರಿ ಒಂಬತ್ತನೇ ತರಗತಿಗೆ ಕಾಲಿಟ್ಟ ದಿನದಿಂದ ಸತತ ನಾಲ್ಕು ವರ್ಷ ಮಾತ್ರ ಆಡಬಹುದು, ನಡುವೆ ಫೇಲಾದರೂ, ಕಾಯಿಲೆ ಬಿದ್ದರೂ, ಆಡದೆ ಸುಮ್ಮನಿದ್ದರೂ ಅದು ನಿಲ್ಲದೆ ಓಡುತ್ತಲೇ ಇರುತ್ತದೆ. ಬೇರೆ ರಾಜ್ಯಗಳಲ್ಲಿ ತಾರೀಖುಗಳು ಬದಲಾಗುತ್ತವೆ, ಕ್ಯಾಲಿಫೋರ್ನಿಯಾದಲ್ಲಿ ಜೂನ್ 15 ಇದೆ, ಜಾರ್ಜಿಯಾದಲ್ಲಿ ಮೇ 1 ಇದೆ. ಆದರೆ ಹತ್ತೊಂಬತ್ತರ ಮಿತಿಯೂ, ಒಂಬತ್ತನೇ ತರಗತಿಯಿಂದ ಎಣಿಸುವ ಎಂಟು ಸೆಮಿಸ್ಟರುಗಳೂ ಹೆಚ್ಚುಕಡಿಮೆ ದೇಶದ ಉದ್ದಗಲಕ್ಕೂ ಇರುವಂಥವೇ.

ಹಾಳೆಯಲ್ಲಿ ಲೆಕ್ಕ ಹಾಕಿದಾಗ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಐದಕ್ಕೆ ಶಾಲೆ ಸೇರಿ, ಎಲ್ಲೂ ನಿಲ್ಲದೆ ಓದಿದ ಮಗುವಿಗೆ ಹನ್ನೆರಡನೇ ತರಗತಿಯ ಸೆಪ್ಟೆಂಬರ್ 1ರಂದು ಹದಿನೇಳು ವರ್ಷವಾಗಿರುತ್ತದೆ. ನಿಯಮ ಹದಿನೆಂಟನ್ನೂ ಒಪ್ಪುತ್ತದೆ. ಅಂದರೆ ಪ್ರತಿ ಮಗುವಿಗೂ ಒಂದಿಡೀ ವರ್ಷದ ಸಡಿಲವಿದೆ. ಆ ಸಡಿಲವನ್ನು ಇಟ್ಟದ್ದು ಎಡವಿದ ಮಕ್ಕಳಿಗಾಗಿ, ಅಂದರೆ ಕಾಯಿಲೆಯಿಂದ ಒಂದು ವರ್ಷ ಕಳೆದುಕೊಂಡವರಿಗಾಗಿ, ಭಾಷೆ ಬಾರದೆ ಹಿಂದೆ ಬಿದ್ದವರಿಗಾಗಿ ಎಂದು ನಾನು ನಂಬುತ್ತೇನೆ. ಅದನ್ನು ಬೇಕೆಂದೇ ಬಳಸಿಕೊಳ್ಳಲು ಹೊರಟವರಿಗೆ ತರಗತಿಯ ಗಡಿಯಾರ ಇನ್ನೂ ಶುರುವಾಗದ ಕೊನೆಯ ಮೆಟ್ಟಿಲು ಎಂಟನೇ ತರಗತಿ. ಒಂಬತ್ತನ್ನು ಎರಡು ಸಲ ಓದಿದರೆ ಆಡುವ ವರ್ಷಗಳು ನಾಲ್ಕೇ ಉಳಿಯುತ್ತವೆ, ಕೊನೆಯ ವರ್ಷ ಆಟವಿಲ್ಲದೆ ಕಳೆಯಬೇಕಾಗುತ್ತದೆ. ಎಂಟನ್ನು ಎರಡು ಸಲ ಓದಿದರೆ ಆ ನಾಲ್ಕೂ ವರ್ಷಗಳು ಇನ್ನಷ್ಟು ಬಲಿತ ಮೈಗೆ ಸಿಗುತ್ತವೆ.

ಕಾಲೇಜಿನ ಕಡೆಯ ನಿಯಮವೂ ಒತ್ತಡವನ್ನು ಇದೇ ಮೆಟ್ಟಿಲಿಗೆ ತಂದು ನಿಲ್ಲಿಸುತ್ತದೆ. ಕಾಲೇಜುಗಳ ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಮೊದಲ ವಿಭಾಗದಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ಪಠ್ಯಗಳನ್ನು ಮುಗಿಸಿರಬೇಕು, ಅವುಗಳಲ್ಲಿ 10ನ್ನು ಏಳನೇ ಸೆಮಿಸ್ಟರಿಗೆ ಮೊದಲೇ ಮುಗಿಸಿರಬೇಕು, ಎಣಿಕೆ ಶುರುವಾಗುವುದು ಒಂಬತ್ತನೇ ತರಗತಿಗೆ ಮೊದಲು ಸೇರಿದ ದಿನದಿಂದ. ಹೈಸ್ಕೂಲಿನೊಳಗೆ ಒಂದು ವರ್ಷ ಹಿಂದೆ ಸರಿದರೂ ಅವರ ಗಡಿಯಾರ ಹಿಂದೆ ಸರಿಯುವುದಿಲ್ಲ. ಒಂಬತ್ತರ ಬಾಗಿಲಿಗೆ ಇಷ್ಟೊಂದು ಬೀಗಗಳಿರುವಾಗ, ತಮ್ಮ ಮಗುವಿಗೆ ಒಂದು ವರ್ಷ ಬೇಕೆನ್ನುವವರು ಬಾಗಿಲಿಗಿಂತ ಒಂದು ಹೆಜ್ಜೆ ಹಿಂದೆಯೇ ನಿಂತುಕೊಳ್ಳುತ್ತಾರೆ. ಹೀಗಾಗಿ ಹದಿಮೂರು, ಹದಿನಾಲ್ಕು ವರ್ಷದ ಮಗುವಿನ ಬಗ್ಗೆ, ಅದು ಹದಿನೆಂಟಕ್ಕೆ ಹೇಗಿರುತ್ತದೆ ಎಂಬ ಊಹೆಯ ಮೇಲೆ, ಅಡುಗೆಮನೆಯ ಮೇಜಿನಲ್ಲಿ ತೀರ್ಮಾನ ನಡೆಯುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ, ಹದಿಮೂರರ ಹುಡುಗರ ಮೈಯ ಮಟ್ಟಿಗೆ ಅದು ನಿಜವಲ್ಲ. ಆ ತರಬೇತಿ ಕೇಂದ್ರದಲ್ಲಿ ಎಲ್ಲರಿಗಿಂತ ಎತ್ತರವಿದ್ದ ಇಬ್ಬರು ಹುಡುಗರು ಆಮೇಲೆ ಒಂದು ಅಂಗುಲವೂ ಬೆಳೆಯಲಿಲ್ಲ.

ಇಷ್ಟೆಲ್ಲ ಯಾಕೆ ಎಂದು ಕೇಳುವವರು ಇಲ್ಲಿನ ಆಟದ ಗಾತ್ರವನ್ನು ಒಮ್ಮೆ ನೋಡಬೇಕು. ನಮ್ಮಲ್ಲಿಂದ ಸ್ವಲ್ಪ ದೂರದ ಆಲೆನ್ ಊರಿನ ಹೈಸ್ಕೂಲಿಗೆ 2012ರಲ್ಲಿ ಕಟ್ಟಿದ ಕ್ರೀಡಾಂಗಣಕ್ಕೆ ಸುಮಾರು 6 ಕೋಟಿ ಡಾಲರ್ ಖರ್ಚಾಯಿತು, ಅಲ್ಲಿ 18,000 ಜನ ಕೂರಬಹುದು. ದೇಶದಲ್ಲಿ ಸುಮಾರು 10 ಲಕ್ಷ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ, ಅವರಲ್ಲಿ ಎನ್‌ಸಿಎಎ ಕಾಲೇಜುಗಳಲ್ಲಿ ಯಾವುದಾದರೊಂದು ಮಟ್ಟದಲ್ಲಿ ಆಡುವವರು ನೂರಕ್ಕೆ ಏಳರ ಆಸುಪಾಸು. ಆ ಏಳರಲ್ಲಿ ಒಬ್ಬನಾಗಿ ಆಟದ ವಿದ್ಯಾರ್ಥಿವೇತನ ಪಡೆಯುವ ಆಸೆ ಬಹಳ ಮನೆಗಳಲ್ಲಿ ಕಾಲೇಜಿನ ಶುಲ್ಕದ ಚಿಂತೆಯ ಜೊತೆಗೇ ಕೂತಿರುತ್ತದೆ. ಆ ಚಿಂತೆಯನ್ನು ನಾನು ಹಗುರವಾಗಿ ಕಾಣಲಾರೆ. ಕಂಪ್ಯೂಟರ್ ಕೆಲಸದ ಸಂಬಳ ಬರುವ ನಮ್ಮಂಥ ಮನೆಗೆ ಆಟ ಒಂದು ಆಸೆ ಮಾತ್ರ. ನಮ್ಮ ಮಗನ ತಂಡದಲ್ಲಿಯೇ, ಕಾಲೇಜಿಗೆ ಹೋಗಲು ಬೇರೆ ದಾರಿಯೇ ಇಲ್ಲದ ಹುಡುಗರಿದ್ದರು.

ಎಲ್ಲರೂ ಹಿಂದಕ್ಕೇ ಸರಿಯುತ್ತಾರೆ ಎಂದೇನೂ ಇಲ್ಲ. ಅದೇ 2021ರಲ್ಲಿ, ನಮ್ಮ ಪಕ್ಕದ ಸೌತ್‌ಲೇಕ್ ಕ್ಯಾರಲ್ ಹೈಸ್ಕೂಲಿನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವ ಆಟಗಾರ, ಕ್ವಿನ್ ಯೂಅರ್ಸ್ ಹನ್ನೆರಡನೇ ತರಗತಿಯ ವರ್ಷವನ್ನೇ ಬಿಟ್ಟು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಆ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದು ಆಗಿತ್ತು, ಟೆಕ್ಸಸ್‌ನ ಹೈಸ್ಕೂಲ್ ಆಟಗಾರರಿಗೆ ಆ ಅವಕಾಶ ಇರಲಿಲ್ಲ. ಆದರೆ ಅಂಥವರು ಬೆರಳೆಣಿಕೆಯಷ್ಟು. ಹಿಂದಕ್ಕೆ ಸರಿಯುವವರು ಹೆಸರಿಲ್ಲದ ಬಹಳಷ್ಟು ಮಂದಿ.

ಆ ವಾರವೇ ತಿಪಟೂರಿನಲ್ಲಿರುವ ನನ್ನ ಅಮ್ಮನಿಗೆ ವಿಡಿಯೊ ಕರೆ ಮಾಡಿದಾಗ ಈ ಮಾತು ಬಂತು. ನಾನು ಎಷ್ಟು ಜೋಪಾನವಾಗಿ ವಿವರಿಸಿದರೂ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಯಾಕಪ್ಪಾ, ಮಗು ಫೇಲಾಯ್ತಾ?" ಇಲ್ಲಮ್ಮ, ಪಾಸಾಗಿದ್ದಾನೆ, ಆಟಕ್ಕೋಸ್ಕರ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಸಾದ ಮಗೂನ ಕೂರಿಸ್ತಾರೇನೋ? ಅವನು ಕೇಳಿದ್ರೆ ಏನು ಹೇಳ್ತೀಯ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಮ್ಮನ ಆ ಪ್ರಶ್ನೆಯ ಹಿಂದೆ ನಮ್ಮ ಊರಿನ ಶಾಲೆ ಇತ್ತು. ನಾನು ಓದುವಾಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು, ಫೇಲಾದವರು ಮತ್ತೆ ಅದೇ ಕೊಠಡಿಯ ಹಿಂದಿನ ಬೆಂಚಿಗೆ ಬರುತ್ತಿದ್ದರು. ಎರಡು ಸಲ ಹಾಗೆ ಬಂದ ಒಬ್ಬ ಹುಡುಗ ನಮ್ಮ ಜೊತೆಗಿದ್ದ. ತಾಲ್ಲೂಕು ಕ್ರೀಡಾಕೂಟದಲ್ಲಿ ಗುಂಡು ಎಸೆತಕ್ಕೆ ಅವನನ್ನೇ ಕಳಿಸುತ್ತಿದ್ದರು, ಅವನು ಗೆದ್ದೇ ಬರುತ್ತಿದ್ದ, ಬಹುಮಾನದ ಸ್ಟೀಲ್ ಲೋಟವನ್ನು ಚೀಲದೊಳಗೆ ಇಟ್ಟುಕೊಂಡು ಯಾರಿಗೂ ತೋರಿಸುತ್ತಿರಲಿಲ್ಲ. ವಯಸ್ಸಿನ ದಾಖಲೆ ಎಂದರೆ ಆಗ ಶಾಲೆಯ ದಾಖಲಾತಿ ಪುಸ್ತಕ. ನನ್ನ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1 ಎಂದೇ ಇರುವುದು, ಮಗುವನ್ನು ಸೇರಿಸಲು ಬಂದ ದಿನ ಹೆಡ್‌ಮಾಸ್ತರರು ವಯಸ್ಸು ಕೂಡುವಂತೆ ಅದನ್ನು ಬರೆದುಕೊಂಡದ್ದರಿಂದ. ಕಾಗದದ ವಯಸ್ಸು ಬೇರೆ, ಮೈಯ ವಯಸ್ಸು ಬೇರೆ ಎಂಬುದು ನನಗೆ ಟೆಕ್ಸಸ್ ಕಲಿಸಿದ ಪಾಠವೇನಲ್ಲ. ಆದರೆ ಅಲ್ಲಿ ಒಂದೇ ತರಗತಿಯಲ್ಲಿ ಎರಡು ವರ್ಷ ಕೂರುವುದು ಮನೆಯವರು ತಲೆತಗ್ಗಿಸುವ ವಿಷಯವಾಗಿತ್ತು. ಇಲ್ಲಿ ಹಣ ಕೊಟ್ಟು ಕೊಂಡುಕೊಳ್ಳಬಹುದಾದ ಅನುಕೂಲವಾಗಿದೆ. ಹಣದ ಮಾತು ಯಾಕೆಂದರೆ, ಎರಡನೆಯ ಎಂಟನ್ನು ಸಾಮಾನ್ಯವಾಗಿ ಖಾಸಗಿ ಶಾಲೆಯಲ್ಲೋ, ಮನೆಯಲ್ಲೇ ಪಾಠ ಹೇಳಿಸಿಯೋ ಓದಿಸುತ್ತಾರೆ. ಒಂದು ವರ್ಷದ ಫೀಸನ್ನು ಹೆಚ್ಚಾಗಿ ಕೊಡಬಲ್ಲವರಿಗೆ, ಅಥವಾ ಒಬ್ಬರು ಮನೆಯಲ್ಲೇ ಇರಬಲ್ಲವರಿಗೆ ಮಾತ್ರ ಅದು ಸಾಧ್ಯ.

ಯುಐಎಲ್ ಇದನ್ನು ಗಮನಿಸಿಲ್ಲ ಎನ್ನುವಂತಿಲ್ಲ. ಆಟದ ಉದ್ದೇಶಕ್ಕಾಗಿ ಏಳನೇ ಅಥವಾ ಎಂಟನೇ ತರಗತಿಯಲ್ಲಿ ಒಂದು ವರ್ಷ ಹಿಂದೆ ಉಳಿಸಿಕೊಂಡ ವಿದ್ಯಾರ್ಥಿ, ಒಂಬತ್ತಕ್ಕೆ ಸೇರಿದ ಮೇಲಿನ ನಾಲ್ಕನೆಯ ವರ್ಷದ ಅರ್ಹತೆಯನ್ನು ಕಳೆದುಕೊಳ್ಳುತ್ತಾನೆ ಎಂಬ ನಿಯಮವೇ ಅದರಲ್ಲಿದೆ. ಓದಿದಾಗ ನನಗೆ ಸಮಾಧಾನವಾಯಿತು. ಎರಡನೆಯ ಸಲ ಓದಿದಾಗ ಕಣ್ಣು ನಿಂತದ್ದು ಆಟದ ಉದ್ದೇಶ ಎಂಬ ಎರಡು ಪದಗಳ ಮೇಲೆ. ಉದ್ದೇಶವನ್ನು ಯಾರು ನೋಡುತ್ತಾರೆ? ಇಂಥ ಅರ್ಹತೆಯ ಪ್ರಶ್ನೆಗಳು ಮೊದಲು ಹೋಗುವುದು ಆಟಕ್ಕಾಗಿ ವಿಂಗಡಿಸಿದ ಆಯಾ ಜಿಲ್ಲೆಯ ಸಮಿತಿಗೆ, ಅಲ್ಲಿ ಕೂರುವವರು ಪರಸ್ಪರ ಸೆಣಸುವ ಶಾಲೆಗಳ ಆಡಳಿತದ ಮುಖ್ಯಸ್ಥರೇ. ಅವರು ತಂದೆ ತಾಯಿಯನ್ನು ಕೇಳಬಹುದು. ಮಗು ಇನ್ನೂ ಎಳೆಯದು, ಕೋವಿಡ್ ವರ್ಷದಲ್ಲಿ ಏನೂ ಕಲಿಯಲಿಲ್ಲ, ಸ್ನೇಹಿತರಿಲ್ಲದೆ ಮಂಕಾಗಿದ್ದ ಎಂದು ತಂದೆ ತಾಯಿ ಹೇಳಿದರೆ ಅದನ್ನು ಸುಳ್ಳು ಎನ್ನುವುದು ಹೇಗೆ? ಅದು ಬಹಳ ಸಲ ಸುಳ್ಳೂ ಆಗಿರುವುದಿಲ್ಲ. ಒಂದು ಮನೆಯ ತೀರ್ಮಾನದಲ್ಲಿ ನಾಲ್ಕು ಕಾರಣಗಳು ಒಟ್ಟಿಗೆ ಹೆಣೆದುಕೊಂಡಿರುತ್ತವೆ, ಆಟ ಅವುಗಳಲ್ಲಿ ಒಂದಾಗಿರುತ್ತದೆ. ಎಷ್ಟು ಪಾಲು ಆಟ, ಎಷ್ಟು ಪಾಲು ಓದು ಎಂದು ತೂಗುವ ತಕ್ಕಡಿ ಯಾವ ಸಮಿತಿಯ ಬಳಿಯೂ ಇಲ್ಲ.

ಆ ಬೇಸಿಗೆಯಲ್ಲಂತೂ ಪ್ರಶ್ನೆ ಇನ್ನೂ ಮಸುಕಾಯಿತು. ಸಾಂಕ್ರಾಮಿಕದಿಂದ ಕಳೆದುಹೋದ ಕಲಿಕೆಗಾಗಿ ಹಲವು ರಾಜ್ಯಗಳು ತಂದೆ ತಾಯಿಗೆ ಹೊಸ ಅಧಿಕಾರ ಕೊಟ್ಟವು. ಟೆಕ್ಸಸ್ ಶಾಸನಸಭೆ ಒಪ್ಪಿದ 1697ನೇ ಸಂಖ್ಯೆಯ ಸೆನೆಟ್ ಮಸೂದೆಯಂತೆ, 2021-22ರ ಸಾಲಿಗೆ ನಾಲ್ಕರಿಂದ ಎಂಟರವರೆಗಿನ ತರಗತಿಗಳನ್ನೂ ತಂದೆ ತಾಯಿ ತಮ್ಮ ಇಚ್ಛೆಯಿಂದ ಮತ್ತೊಮ್ಮೆ ಓದಿಸಬಹುದಾಗಿತ್ತು. ಪೆನ್ಸಿಲ್ವೇನಿಯಾದಲ್ಲಿ 66ನೇ ಕಾಯಿದೆ ಬಂತು, ಕೆಂಟಕಿಯಲ್ಲಿ 128ನೇ ಸೆನೆಟ್ ಮಸೂದೆ ಬಂತು. ಅಂಥ ಕಾಯಿದೆಗಳು ಬೇಕಾಗಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪರದೆಯ ಮುಂದೆ ಒಂದು ವರ್ಷ ಕಳೆದ ಎಷ್ಟೋ ಮಕ್ಕಳಿಗೆ ಓದೇ ಮರೆತುಹೋಗಿತ್ತು. ಅದೇ ಬಾಗಿಲಿನಿಂದ, ಏನೂ ಮರೆಯದ ಕೆಲವು ಹುಡುಗರೂ ನುಸುಳಿದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

1984ರಲ್ಲಿ ಇದೇ ಟೆಕ್ಸಸ್, ಪಾಸಾಗದವನು ಆಡುವಂತಿಲ್ಲ ಎಂಬ ಕಾನೂನನ್ನು ತಂದಿತ್ತು. ಯಾವುದೇ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೈದಾನಕ್ಕೆ ಇಳಿಯುವಂತಿರಲಿಲ್ಲ. ಶುಕ್ರವಾರದ ರಾತ್ರಿಯ ಆಟಕ್ಕೆ ಊರಿಗೆ ಊರೇ ಬರುವ ರಾಜ್ಯದಲ್ಲಿ ಅದಕ್ಕೆ ದೊಡ್ಡ ವಿರೋಧವೇ ಎದ್ದಿತ್ತು, ಆದರೂ ಕಾನೂನು ನಿಂತಿತು. ಆಟಕ್ಕಿಂತ ಓದು ಮೊದಲು ಎಂದು ಅದು ಹೇಳಿತ್ತು. ಪಾಸಾದವನನ್ನು ಆಟಕ್ಕಾಗಿ ಮತ್ತೆ ಅದೇ ತರಗತಿಯಲ್ಲಿ ಕೂರಿಸುವಾಗ ಆ ಕಾನೂನಿನ ಒಂದಕ್ಷರವೂ ಮುರಿಯುವುದಿಲ್ಲ, ಆದರೆ ಅದು ಹೇಳಿದ ಮಾತು ಮಾತ್ರ ತಲೆಕೆಳಗಾಗುತ್ತದೆ. ನನಗೆ ನಿಜವಾಗಿ ನೋವು ಕೊಡುವುದು ಇದು.

ನಾವು ಮಗನನ್ನು ಹಿಂದೆ ಉಳಿಸಲಿಲ್ಲ. ನಮ್ಮ ಪರಿಚಯದ ಇನ್ನೊಂದು ಮನೆಯವರು ಉಳಿಸಿದರು. ಅವರ ಮಗ 2006ರ ಅಕ್ಟೋಬರಿನಲ್ಲಿ ಹುಟ್ಟಿದವನು, ನನ್ನ ಮಗನಿಗಿಂತ ಆಗಲೇ ಹತ್ತು ತಿಂಗಳು ದೊಡ್ಡವನು, ಆ ಎಂಟನೇ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು. ಅವನ ತಂದೆ ಒಳ್ಳೆಯ ಮನುಷ್ಯರು, ಮಗನ ಪ್ರತಿ ಅಭ್ಯಾಸಕ್ಕೂ ಮಡಿಸುವ ಕುರ್ಚಿ ತಂದು ಕೂರುತ್ತಿದ್ದವರು. ಒಂದು ಖಾಸಗಿ ಶಾಲೆಯಲ್ಲಿ ಎಂಟನ್ನು ಮತ್ತೆ ಓದಿಸಿ, ಮರುವರ್ಷ ಸರ್ಕಾರಿ ಹೈಸ್ಕೂಲಿನ ಒಂಬತ್ತಕ್ಕೆ ಕರೆತಂದರು. ಮಗನಿಗೆ ಕೇಡಾಗಲಿ ಎಂದು ಯಾರಾದರೂ ಹಾಗೆ ಮಾಡುತ್ತಾರೆಯೇ? ಆದರೆ ಅವನು ಪಡೆದ ವರ್ಷದ ಬೆಲೆಯನ್ನು ಕೊಡುವವರು ಬೇರೆ ಯಾರೋ. ಅವನು ಎರಡನೆಯ ಸಲದ ಎಂಟನ್ನು ಮುಗಿಸಿ ಒಂಬತ್ತರ ತಂಡಕ್ಕೆ ಬಂದಾಗ, ಅಲ್ಲಿ ಆಡಬೇಕಾಗಿದ್ದ, ಸರಿಯಾದ ವಯಸ್ಸಿನ ಒಬ್ಬ ಹುಡುಗ ಬೆಂಚಿಗೆ ಹೋದ. ಅವನ ಎದುರಿಗೆ ಕುಕ್ಕರಿಸಿದ ಮಕ್ಕಳು ಪೆಟ್ಟು ತಿಂದರು. ಅವರ ತಂದೆ ತಾಯಿಗಳು ಮುಂದಿನ ಬೇಸಿಗೆಯಲ್ಲಿ ತಮ್ಮ ಕಿರಿಯ ಮಗನ ಬಗ್ಗೆ ಅದೇ ಲೆಕ್ಕವನ್ನು ಹಾಕತೊಡಗಿದರು. ಒಂದೆರಡು ವರ್ಷಗಳಲ್ಲಿ ನಮ್ಮ ಸುತ್ತಿನಲ್ಲಿ ಪ್ರಶ್ನೆಯೇ ಬದಲಾಯಿತು. ಹಿಂದೆ ಉಳಿಸಬೇಕೇ ಎಂದು ಕೇಳುತ್ತಿದ್ದವರು, ಯಾಕೆ ಉಳಿಸಲಿಲ್ಲ ಎಂದು ನಮ್ಮನ್ನು ಕೇಳತೊಡಗಿದರು.

ಹೈಸ್ಕೂಲು ಮುಗಿದ ಮೇಲೆ ಒಂದು ವರ್ಷ ಹೆಚ್ಚು ತೆಗೆದುಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ವರ್ಜೀನಿಯಾದ ಫೋರ್ಕ್ ಯೂನಿಯನ್ ಮಿಲಿಟರಿ ಅಕಾಡೆಮಿಯಂಥ ಶಾಲೆಗಳಲ್ಲಿ ಅದಕ್ಕೆಂದೇ ಪೋಸ್ಟ್‌ಗ್ರಾಜುಯೇಟ್ ವರ್ಷವಿದೆ. ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು 1986ರಲ್ಲಿ ಪಡೆದ ವಿನ್ನಿ ಟೆಸ್ಟಾವರ್ಡಿ ಅಲ್ಲಿ ಒಂದು ವರ್ಷವಿದ್ದು ಕಾಲೇಜಿಗೆ ಹೋದವರು. ಹದಿನೆಂಟು ತುಂಬಿದವನು, ತನ್ನ ಹೆಸರಿನಲ್ಲಿ ತಾನೇ ಅರ್ಜಿ ಹಾಕಿ, ತನ್ನಂಥವರ ಜೊತೆಯಲ್ಲೇ ಆಡಿ ಕಳೆಯುವ ವರ್ಷ ಅದು. ಹದಿನಾಲ್ಕರ ಮಗುವಿನ ಎದೆಗೆ ಅಲ್ಲಿ ಯಾರ ಭುಜವೂ ಬಡಿಯುವುದಿಲ್ಲ.

ಹಾಗಾದರೆ ವಯಸ್ಸಿನ ಗೆರೆಯನ್ನು ಇನ್ನಷ್ಟು ಬಿಗಿ ಮಾಡಿದರೆ ಸಾಕಲ್ಲ ಎಂದು ನನಗೂ ಅನ್ನಿಸುತ್ತಿತ್ತು, 2024ರ ವಸಂತದವರೆಗೆ. ಆಗ ನಮ್ಮ ಪಕ್ಕದ ರಸ್ತೆಯ ಮನೆಯೊಂದರ ತಾಯಿ, ಕಾಗದಪತ್ರಗಳನ್ನು ಜೋಡಿಸಲು ನೆರವು ಬೇಕೆಂದು ನನ್ನ ಹೆಂಡತಿಯನ್ನು ಕೇಳಿಕೊಂಡು ಬಂದರು. ಅವರ ಮಗ ನನ್ನ ಮಗನ ತಂಡದಲ್ಲೇ ಇದ್ದ, ಲೈನ್‌ನಲ್ಲಿ ಅವನ ಬಲಕ್ಕೆ ಕುಕ್ಕರಿಸುವವನು. ಹುಟ್ಟಿದ್ದು 2005ರ ಆಗಸ್ಟ್ 20. ಚಿಕ್ಕಂದಿನಲ್ಲಿ ಕಿವಿಯ ಸೋಂಕಿನಿಂದ ಸರಿಯಾಗಿ ಕೇಳಿಸುತ್ತಿರಲಿಲ್ಲ, ಶಸ್ತ್ರಚಿಕಿತ್ಸೆಗಳು ಮುಗಿದು ಶಾಲೆಗೆ ಸೇರುವಾಗ ಆರು ತುಂಬಿತ್ತು. ಆಮೇಲೆ ಮೂರನೇ ತರಗತಿಯಲ್ಲಿ ಓದು ಹತ್ತದೆ ಇನ್ನೊಂದು ವರ್ಷ ಅಲ್ಲೇ ಕೂತ, ಡಿಸ್ಲೆಕ್ಸಿಯಾ ಇದೆಯೆಂದು ಗೊತ್ತಾದದ್ದೇ ಆಗ. ಹನ್ನೆರಡನೇ ತರಗತಿಯ ಸೆಪ್ಟೆಂಬರ್ 1, 2024ರಂದು ಅವನಿಗೆ ಹತ್ತೊಂಬತ್ತು ತುಂಬಿ ಹನ್ನೆರಡು ದಿನಗಳಾಗಿರುತ್ತವೆ. ಆ ಹನ್ನೆರಡು ದಿನಗಳಿಗಾಗಿ ಅವನ ಕೊನೆಯ ವರ್ಷ ಹೋಗುತ್ತಿತ್ತು.

ಇಂಥ ಮಕ್ಕಳು ಹಿಂದೆ ನ್ಯಾಯಾಲಯಕ್ಕೂ ಹೋಗಿದ್ದಾರೆ. 1994ರಲ್ಲಿ ಮಿಸೌರಿಯ ಒಬ್ಬ ಬೇಸ್‌ಬಾಲ್ ಆಟಗಾರನ ಪ್ರಕರಣ, ಹಲವು ರಾಜ್ಯಗಳನ್ನು ಒಳಗೊಂಡ ಎಂಟನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಅವನು ಪ್ರಾಥಮಿಕ ಶಾಲೆಯಲ್ಲಿ ಎರಡು ತರಗತಿಗಳನ್ನು ಎರಡೆರಡು ಸಲ ಓದಿದ್ದ, ಕಲಿಕೆಯ ನ್ಯೂನತೆ ಇದೆಯೆಂದು ತಿಳಿದದ್ದು ಆಮೇಲೆ. ಅಂಗವಿಕಲರ ಹಕ್ಕುಗಳ 1990ರ ಕಾಯಿದೆಯನ್ನು ಮುಂದಿಟ್ಟು ವಾದಿಸಿದರೂ ಅವನು ಸೋತ. ವಯಸ್ಸಿನ ಮಿತಿ ಆಟದ ಮೂಲಭೂತ ಅರ್ಹತೆ, ಅದನ್ನು ಸಡಿಲಿಸಲಾಗದು ಎಂದು ಬಹುಮತದ ತೀರ್ಪು ಹೇಳಿತು. ಮಿತಿಯ ಸಮರ್ಥನೆಗೆ ಕೊಟ್ಟ ಕಾರಣಗಳು ಇಂದಿಗೂ ಸರಿಯಾಗಿಯೇ ಕೇಳುತ್ತವೆ: ಕಿರಿಯ ಆಟಗಾರರ ಸುರಕ್ಷತೆ, ದೊಡ್ಡವರಿಗೆ ಅನ್ಯಾಯದ ಮೇಲುಗೈ ಸಿಗದಂತೆ ನೋಡುವುದು, ಮೈ ಬಲಿಯಲೆಂದು ಓದನ್ನು ಮುಂದೂಡುವುದಕ್ಕೆ ತಡೆ. ಮೂರನೆಯ ಕಾರಣವನ್ನು ಗಮನಿಸಬೇಕು. ಬೇಕೆಂದು ಹಿಂದೆ ಉಳಿಯುವವರನ್ನು ತಡೆಯಲು ಕಟ್ಟಿದ ಬೇಲಿ ಅದು, ಸಿಕ್ಕಿಕೊಂಡವನು ಬೇಡವೆಂದರೂ ಹಿಂದೆ ಬಿದ್ದ ಹುಡುಗ. ಮರುವರ್ಷ ಮಿಷಿಗನ್‌ನ ಇಬ್ಬರು ಓಟಗಾರರ ವಿಷಯದಲ್ಲಿ ಆರನೇ ಸರ್ಕ್ಯೂಟ್ ನ್ಯಾಯಾಲಯವೂ ಹೀಗೆಯೇ ಹೇಳಿತು. ಪ್ರತಿಯೊಬ್ಬನ ಪರಿಸ್ಥಿತಿಯನ್ನೂ ಬೇರೆಬೇರೆಯಾಗಿ ನೋಡಬೇಕು ಎಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯ ಗಟ್ಟಿಯಾಗಿ ಹೇಳಿದ್ದು 2001ರಲ್ಲಿ, ಅದೂ ಗಾಲ್ಫ್ ಮೈದಾನದಲ್ಲಿ ಗಾಡಿ ಬಳಸಲು ಅನುಮತಿ ಕೇಳಿದ ಆಟಗಾರರೊಬ್ಬರ ಪ್ರಕರಣದಲ್ಲಿ.

ಟೆಕ್ಸಸ್‌ನ ನಿಯಮದಲ್ಲಿ ಒಂದು ಕಿಂಡಿ ಇದೆ. ಅಂಗವೈಕಲ್ಯದಿಂದಾಗಿ ಓದು ಕಡೇಪಕ್ಷ ಒಂದು ವರ್ಷ ತಡವಾದವರಿಗೆ ಹತ್ತೊಂಬತ್ತರ ಮಿತಿಯನ್ನು ಮೀರಿದ ಅರ್ಹತೆ ಕೊಡಬಹುದು. ಆ ಕಿಂಡಿಯಿಂದ ಒಳಗೆ ಬರಲು ಕಾಗದ ಬೇಕು. ನಮ್ಮ ಊಟದ ಮೇಜಿನ ಮೇಲೆ ನನ್ನ ಹೆಂಡತಿಯೂ ಆ ತಾಯಿಯೂ ಎರಡು ವಾರ ಅವನ್ನು ಜೋಡಿಸಿದರು. ಕಿವಿಯ ವೈದ್ಯರ ಹಳೆಯ ವರದಿಗಳು, ಶ್ರವಣ ಪರೀಕ್ಷೆಯ ಗೆರೆಗಳಿದ್ದ ಹಾಳೆಗಳು, ಅಂಗವೈಕಲ್ಯವಿರುವ ವಿದ್ಯಾರ್ಥಿಗಳ ನೆರವಿಗೆಂದು ಶಾಲೆಯಲ್ಲಿ ಅವನಿಗೆ ಕೊಟ್ಟ 504 ಯೋಜನೆಯ ಪ್ರತಿಗಳು, ಪ್ರತಿ ವರ್ಷದ ಓದಿನ ಮಟ್ಟ. ಹುಡುಗ ಒಂದು ಸಂಜೆ ಬಂದು ಬಾಗಿಲ ಬಳಿ ನಿಂತು ಅವನ್ನು ನೋಡಿದ. ತನ್ನ ಬಾಲ್ಯದ ಪ್ರತಿಯೊಂದು ಸೋಲೂ ಮುದ್ರೆ ಸಮೇತ ಮೇಜಿನ ಮೇಲೆ ಹರಡಿರುವುದನ್ನು ನೋಡಿ ಅವನು ಏನೂ ಮಾತಾಡದೆ ನನ್ನ ಮಗನ ಕೋಣೆಗೆ ಹೋದ.

ನಾನು ಹೇಳಬೇಕೆಂದಿರುವುದು ಇಷ್ಟೇ. ಅಕ್ಟೋಬರಿನಲ್ಲಿ ಹುಟ್ಟಿದ ಆ ಇನ್ನೊಬ್ಬ ಹುಡುಗನಿಗೆ ಕಳೆದ ವರ್ಷ, 2025ರಲ್ಲಿ, ಕೊನೆಯ ಋತುವಿನ ನಡುವೆಯೇ ಹತ್ತೊಂಬತ್ತು ತುಂಬಿತು. ಅವನು ಸೆಪ್ಟೆಂಬರ್ 1ರ ಗೆರೆಯೊಳಗೆ ಇದ್ದುದರಿಂದ ಯಾರೂ ಒಂದು ಕಾಗದವನ್ನೂ ಕೇಳಲಿಲ್ಲ. ಹತ್ತೊಂಬತ್ತರ ಇಬ್ಬರಲ್ಲಿ ಯೋಜನೆ ಹಾಕಿ ಹಿಂದೆ ಉಳಿದವನಿಗೆ ಹಾದಿ ತೆರೆದೇ ಇತ್ತು, ಕಷ್ಟಪಟ್ಟು ಹಿಂದೆ ಬಿದ್ದವನು ಎರಡಂಗುಲ ದಪ್ಪದ ಕಡತ ಹೊತ್ತು ಬರಬೇಕಾಯಿತು. ನನಗೆ ಅಧಿಕಾರವಿದ್ದರೆ ಗಡಿಯಾರವನ್ನು ಒಂಬತ್ತರ ಬದಲು ಏಳನೇ ತರಗತಿಯಲ್ಲಿ ಶುರು ಮಾಡಿಸುತ್ತಿದ್ದೆ. ಏಳಕ್ಕೆ ಮೊದಲು ಸೇರಿದ ದಿನದಿಂದ ಆರು ವರ್ಷ, ಉದ್ದೇಶವೇನೆಂದು ಯಾರನ್ನೂ ಕೇಳುವುದು ಬೇಡ. ಆ ನಡುವೆ ಓದಿನಲ್ಲಿ ನಿಜವಾಗಿ ಹಿಂದೆ ಬಿದ್ದವರ ಅಂಕಪಟ್ಟಿ ಶಾಲೆಯಲ್ಲೇ ಇರುತ್ತದೆ, ಅದನ್ನು ನೋಡಿ ಆ ವರ್ಷವನ್ನು ಶಾಲೆಯೇ ಹಿಂದಿರುಗಿಸಲಿ. ಆರನೇ ತರಗತಿಯಲ್ಲಿ ಹಿಂದೆ ಉಳಿಸುವವರು ಆಗಲೂ ಇರುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಹನ್ನೊಂದರ ಮಗುವಿನ ಅಂಗೈ ಅಳೆದು ಅದರ ಹದಿನೆಂಟನ್ನು ಹೇಳುವ ಧೈರ್ಯ ಕಡಿಮೆ ಜನಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಪಕ್ಕದ ರಸ್ತೆಯ ಹುಡುಗನಿಗೆ ಋತು ಶುರುವಾಗುವ ಮೊದಲೇ ಅನುಮತಿ ಬಂತು. ನವೆಂಬರಿನಲ್ಲಿ ಕೊನೆಯ ಆಟ ಮುಗಿದ ಮೇಲೆ ಅವನ ತಾಯಿ ಕಡತವನ್ನು ತೆಗೆದುಕೊಂಡು ಹೋಗಲು ಬಂದರು. ನಿಂತಲ್ಲೇ ತೆರೆದು, ಮೂರನೇ ತರಗತಿಯ ಎರಡು ರಿಪೋರ್ಟ್ ಕಾರ್ಡುಗಳನ್ನು ಹೊರಗೆ ತೆಗೆದರು. ವರ್ಷ ಬೇರೆ, ಟೀಚರ ಸಹಿ ಬೇರೆ, ತರಗತಿಯ ಸಂಖ್ಯೆ ಒಂದೇ. ಎರಡನೆಯದರ ಕೆಳಗೆ, ಟೀಚರ ಷರಾ ಬರೆಯುವ ಜಾಗದಲ್ಲಿ, ಈ ವಾರ ಅವನು ತರಗತಿಯ ಮುಂದೆ ನಿಂತು ಒಂದು ಪುಟವನ್ನು ಗಟ್ಟಿಯಾಗಿ ಓದಿದ ಎಂದು ಬರೆದಿತ್ತು. ಆ ಹಾಳೆಯನ್ನು ಮಾತ್ರ ಅವರು ಕಡತಕ್ಕೆ ಮತ್ತೆ ಸೇರಿಸದೆ ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು.